ಲೆನ್ಸ್ ಮೊದಲು, ಬಾಡಿ ಆಮೇಲೆ

ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಕೊಳ್ಳಲು ಹೊರಟವರ ಮೊದಲ ಪ್ರಶ್ನೆ ಸಾಮಾನ್ಯವಾಗಿ "ಎಷ್ಟು ಮೆಗಾಪಿಕ್ಸೆಲ್?" ಎರಡನೆಯದು "ಜೂಮ್ ಎಷ್ಟು ಎಕ್ಸ್?" ಎರಡಕ್ಕೂ ಉತ್ತರ ಥಟ್ಟನೆ ಸಿಗುತ್ತದೆ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. 18-200 ಲೆನ್ಸ್ (ಈ ಸಂಖ್ಯೆಗಳು ಮಿ.ಮೀ.ನಲ್ಲಿ ಫೋಕಲ್ ಲೆಂಗ್ತ್; ಅದು ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಹನ್ನೊಂದು ಎಕ್ಸ್. 70-200 ಲೆನ್ಸ್ ಮೂರು ಎಕ್ಸ್ ಕೂಡ ಇಲ್ಲ. ಹಾಗಿದ್ದೂ ಆಟದ ಮೈದಾನದ ಅಂಚಿನಲ್ಲಿ, ವೇದಿಕೆಯ ಮುಂದೆ ನಿಂತ ವೃತ್ತಿಪರರ ಕೈಯಲ್ಲಿ ಕಾಣುವುದು ಎರಡನೆಯದೇ. ಎಕ್ಸ್ ಅಂದರೆ ದೊಡ್ಡ ಫೋಕಲ್ ಲೆಂಗ್ತನ್ನು ಚಿಕ್ಕದರಿಂದ ಭಾಗಿಸಿದ ಲೆಕ್ಕ, ಅಷ್ಟೇ. ದೂರದ್ದು ಎಷ್ಟು ಹತ್ತಿರ ಕಾಣುತ್ತದೆ ಎಂಬುದಾಗಲಿ, ಚಿತ್ರ ಎಷ್ಟು ಚೆನ್ನಾಗಿ ಬರುತ್ತದೆ ಎಂಬುದಾಗಲಿ ಅದರಲ್ಲಿಲ್ಲ.

ಕೇಳಬೇಕಾದದ್ದು ಬೇರೆ. ಯಾವ ಫೋಕಲ್ ಲೆಂಗ್ತ್ ಬೇಕು, ಎಷ್ಟು ಬೆಳಕಿನಲ್ಲಿ ಬೇಕು? ಇವೆರಡು ಇತ್ಯರ್ಥವಾದರೆ ಲೆನ್ಸ್ ಇತ್ಯರ್ಥವಾದಂತೆ. ಲೆನ್ಸ್ ಗೊತ್ತಾದ ಮೇಲೆ ಅದಕ್ಕೆ ತಕ್ಕ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಹುಡುಕುವುದು ಸುಲಭ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ದುಡ್ಡಿನ ಮುಕ್ಕಾಲು ಪಾಲನ್ನು ಬಾಡಿಯ ಮೇಲೆ ಸುರಿದು, ಉಳಿದದ್ದರಲ್ಲಿ ಸಿಕ್ಕ ಜೂಮನ್ನು ಸಿಕ್ಕಿಸಿಕೊಂಡು, ಆಮೇಲೆ "ಇಷ್ಟು ದೊಡ್ಡ ಕ್ಯಾಮೆರಾದಲ್ಲೂ ಚಿತ್ರ ಮಂಕಾಗಿದೆಯಲ್ಲ" ಎಂದು ಪೇಚಾಡುತ್ತಾರೆ. 45 ಮೆಗಾಪಿಕ್ಸೆಲ್ ಸೆನ್ಸರ್ ಲೆನ್ಸಿನ ಗುಣವನ್ನು ಎಷ್ಟು ಚೆನ್ನಾಗಿ ತೋರಿಸುತ್ತದೋ ಅದರ ದೋಷವನ್ನೂ ಅಷ್ಟೇ ಚೆನ್ನಾಗಿ ತೋರಿಸುತ್ತದೆ.

ನಿಮಗೆ ಯಾವ ಫೋಕಲ್ ಲೆಂಗ್ತ್ ಬೇಕೆಂದು ನಿಮ್ಮ ಹಳೆಯ ಚಿತ್ರಗಳನ್ನೇ ಕೇಳಿ. ಪ್ರತಿ ಫೈಲಿನೊಳಗೆ ಕ್ಯಾಮೆರಾ ತಾನೇ ಬರೆದಿಡುವ ಎಕ್ಸಿಫ್ ಮಾಹಿತಿಯಲ್ಲಿ ಅದು ದಾಖಲಾಗಿರುತ್ತದೆ. ಇಟ್ಟುಕೊಳ್ಳಲು ಯೋಗ್ಯವೆನಿಸಿದ ಇನ್ನೂರು ಮುನ್ನೂರು ಚಿತ್ರಗಳನ್ನು ಆರಿಸಿ, ಸಂಖ್ಯೆಗಳು ಎಲ್ಲಿ ಗುಂಪುಗೂಡಿವೆ ನೋಡಿ. ಹಳೆಯ ಕ್ಯಾಮೆರಾದ ಸೆನ್ಸರ್ ಎಪಿಎಸ್-ಸಿ ಎಂಬ ಚಿಕ್ಕ ಅಳತೆಯದಾಗಿದ್ದು ಹೊಸದು ಫುಲ್ ಫ್ರೇಮ್ ಎಂಬ ದೊಡ್ಡ ಅಳತೆಯದಾಗುವುದಾದರೆ ಆ ಸಂಖ್ಯೆಯನ್ನು ನಿಕಾನ್‌ನಲ್ಲಿ 1.5ರಿಂದಲೂ ಕ್ಯಾನನ್‌ನಲ್ಲಿ 1.6ರಿಂದಲೂ ಗುಣಿಸಬೇಕು. ಹಳೆಯದರ 55 ಮಿ.ಮೀ. ಹೊಸದರಲ್ಲಿ 85ರ ಆಸುಪಾಸು. ಈ ಗುಣಾಕಾರ ಮರೆತವರು ಫುಲ್ ಫ್ರೇಮಿಗೆ ಏರಿದ ಮೊದಲ ದಿನವೇ "ನನ್ನ ಟೆಲಿ (ದೂರದ್ದನ್ನು ಹತ್ತಿರ ತರುವ ಲೆನ್ಸ್) ಗಿಡ್ಡವಾಗಿಬಿಟ್ಟಿತು" ಎನ್ನುತ್ತಾರೆ. ಸಂಖ್ಯೆಗಳೆಲ್ಲ ಜೂಮಿನ ಕಟ್ಟಕಡೆಗೆ, 200ಕ್ಕೋ 300ಕ್ಕೋ ಅಂಟಿಕೊಂಡಿದ್ದರೆ ನಿಮಗೆ ಬೇಕಾದದ್ದು ಇನ್ನೂ ಉದ್ದದ ಲೆನ್ಸ್. ಮತ್ತೊಂದು ತುದಿಗೆ ಅಂಟಿದ್ದರೆ ವೈಡ್, ಅಂದರೆ ಅಗಲವಾದ ನೋಟದ ಲೆನ್ಸ್.

ಇನ್ನು ಬೆಳಕಿನ ಮಾತು. ಲೆನ್ಸ್ ಮೇಲೆ 1:2.8 ಎಂದು ಒಂದೇ ಸಂಖ್ಯೆ ಇದ್ದರೆ ಇಡೀ ಜೂಮಿನ ಉದ್ದಕ್ಕೂ ಅಪರ್ಚರ್ (ಬೆಳಕು ಒಳಹೋಗುವ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅದು ದೊಡ್ಡದು) ಎಫ್/2.8ರವರೆಗೆ ತೆರೆಯುತ್ತದೆ. 1:3.5-5.6 ಎಂದಿದ್ದರೆ ವೈಡ್ ತುದಿಯಲ್ಲಿ ಮಾತ್ರ ಎಫ್/3.5, ಟೆಲಿ ತುದಿಗೆ ಹೋಗುವಷ್ಟರಲ್ಲಿ ಎಫ್/5.6. ವ್ಯತ್ಯಾಸ ಎಷ್ಟೆಂದು ನೋಡಲು ಸಣ್ಣದೊಂದು ಭಾಗಾಕಾರ ಸಾಕು. 200 ಮಿ.ಮೀ.ಯನ್ನು 2.8ರಿಂದ ಭಾಗಿಸಿದರೆ 71 ಮಿ.ಮೀ. ಮುಂದಿನಿಂದ ನೋಡಿದಾಗ ಬೆಳಕು ಒಳಹೋಗುವ ಕಿಂಡಿ ಅಷ್ಟು ಅಗಲ ಕಾಣಬೇಕು. 70-200 ಎಫ್/2.8 ಲೆನ್ಸುಗಳ ಫಿಲ್ಟರ್ ಅಳತೆ ಸಾಮಾನ್ಯವಾಗಿ 77 ಮಿ.ಮೀ. ಇರುವುದಕ್ಕೆ ಕಾರಣ ಇದೇ. ಅಷ್ಟು ಗಾಜಿಲ್ಲದೆ ಎಫ್/2.8 ಆಗುವುದಿಲ್ಲ. ಅದೇ 200ನ್ನು 5.6ರಿಂದ ಭಾಗಿಸಿ: 36 ಮಿ.ಮೀ. ಅಗಲ ಅರ್ಧವಾದರೆ ವಿಸ್ತೀರ್ಣ ಕಾಲು ಭಾಗ. ಬೆಳಕೂ ಕಾಲು ಭಾಗ. ಒಳಾಂಗಣ ಕ್ರೀಡಾಂಗಣದಲ್ಲಿ ಎಫ್/2.8, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 3200, ಶಟರ್ 1/500 ಸೆಕೆಂಡಿನಲ್ಲಿ ಬರುವ ಚಿತ್ರವನ್ನು ಎಫ್/5.6ರಲ್ಲಿ ತೆಗೆಯಬೇಕೆಂದರೆ ಶಟರನ್ನು 1/125ಕ್ಕೆ ಇಳಿಸಬೇಕು, ಓಡುವವರ ಕೈಕಾಲು ಕಲೆಸಿಹೋಗುತ್ತದೆ. ಇಲ್ಲವೇ ಐಎಸ್‌ಒ 12800ಕ್ಕೆ ಏರಿಸಬೇಕು, ಚಿತ್ರದ ತುಂಬ ಕಾಳುಕಾಳು.

ಹಾಗೆಂದು ಎಲ್ಲವನ್ನೂ ಎಫ್/2.8ರಲ್ಲೇ ತೆಗೆಯುತ್ತಾರೆಂದಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ನೀವು ಎಫ್/8 ಇಟ್ಟಿದ್ದರೂ ಶಟರ್ ಒತ್ತುವವರೆಗೆ ಲೆನ್ಸ್ ಪೂರ್ತಿ ತೆರೆದೇ ಇರುತ್ತದೆ. ವ್ಯೂಫೈಂಡರ್ ಬೆಳಗುವುದೂ ಆಟೋಫೋಕಸ್ ನಡೆಯುವುದೂ ಆ ಪೂರ್ತಿ ತೆರೆದ ಬೆಳಕಿನಲ್ಲೇ. ಕ್ಯಾನನ್ 5ಡಿ ಮಾರ್ಕ್ 4ರ 61 ಫೋಕಸ್ ಬಿಂದುಗಳಲ್ಲಿ ನಟ್ಟನಡುವಿನ ಐದು ತಮ್ಮ ಪೂರ್ತಿ ನಿಖರತೆ ತೋರಿಸಬೇಕಾದರೆ ಲೆನ್ಸ್ ಎಫ್/2.8 ಆಗಿರಬೇಕು. ಎಫ್/5.6 ಲೆನ್ಸ್ ಹಾಕಿದರೆ ಆ ಸೌಲಭ್ಯಕ್ಕೆ ಕೊಟ್ಟ ದುಡ್ಡು ಸುಮ್ಮನೆ ಒಳಗೆ ಕೂತಿರುತ್ತದೆ.

ಇಷ್ಟು ಹೇಳಿದ ಮೇಲೆ ತೂಕದ ವಿಷಯ ಮುಚ್ಚಿಡಬಾರದು. ಕ್ಯಾನನ್‌ನ ಮೂರನೇ ಪೀಳಿಗೆಯ 70-200 ಎಫ್/2.8 ತೂಗುವುದು 1480 ಗ್ರಾಂ, ನಿಕಾನ್‌ನ ಇ ಸರಣಿಯದು 1430. ನಿಕಾನ್ ಡಿ850 ಬ್ಯಾಟರಿ, ಕಾರ್ಡ್ ಸಹಿತ ಒಂದು ಕಿಲೋ. ಎರಡೂ ಸೇರಿ ಸುಮಾರು ಎರಡೂವರೆ ಕಿಲೋವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯುವುದು ಅಂಗಡಿಯಲ್ಲಿ ಎರಡು ನಿಮಿಷಕ್ಕೆ ಹಿತ, ಮೂರನೇ ಗಂಟೆಗೆ ಅಲ್ಲ. ಹಗಲು ಹೊತ್ತಿನ, ಬಯಲಿನ ಕೆಲಸವೇ ಹೆಚ್ಚಿದ್ದರೆ 70-200 ಎಫ್/4 ಲೆನ್ಸುಗಳನ್ನು ಗಂಭೀರವಾಗಿ ನೋಡಿ. ಅವು 800 ಗ್ರಾಂ ಆಸುಪಾಸು. ಕಳೆದುಕೊಳ್ಳುವುದು ಒಂದೇ ಸ್ಟಾಪ್, ಅಂದರೆ ಬೆಳಕಿನ ಅರ್ಧ. ಮನೆಯಲ್ಲಿ ಬಿಟ್ಟುಬಂದ ಎಫ್/2.8ಗಿಂತ ಕೈಯಲ್ಲಿರುವ ಎಫ್/4 ವಾಸಿ.

"ಲೆನ್ಸ್‌ನಲ್ಲಿ ಸ್ಟೆಬಿಲೈಸೇಶನ್ ಇದೆಯಲ್ಲ, ನಾಲ್ಕು ಸ್ಟಾಪ್ ಅಂತ ಬರೆದಿದ್ದಾರೆ, ಮತ್ತೆ ಎಫ್/2.8 ಯಾಕೆ?" ಎನ್ನುವವರಿದ್ದಾರೆ. ನಾಲ್ಕು ಸ್ಟಾಪ್ ಎಂದರೆ 200 ಮಿ.ಮೀ.ನಲ್ಲಿ 1/200ರ ಬದಲು 1/13ಕ್ಕೆ ಕೈಯಲ್ಲೇ ಹಿಡಿದು ತೆಗೆಯಬಹುದು. ಅದು ತಡೆಯುವುದು ನಿಮ್ಮ ಕೈನಡುಕವನ್ನು. ಎದುರಿರುವ ಮನುಷ್ಯ ತಲೆ ಆಡಿಸಿದರೆ ಅದರಿಂದ ಏನೂ ಉಪಯೋಗವಿಲ್ಲ.

ಲೆನ್ಸ್ ಮೌಂಟಿನ (ಲೆನ್ಸ್ ಬಾಡಿಯ ಮೇಲೆ ಕೂರುವ ಬಳೆಯ) ಬಾಬತ್ತಿನಲ್ಲಿ ಅವಸರ ಬೇಡ. ನಿಕಾನ್‌ನ ಎಫ್ ಮೌಂಟ್ 1959ರದು, ಕ್ಯಾನನ್‌ನ ಇಎಫ್ ಮೌಂಟ್ 1987ರದು. ಇಷ್ಟು ಹಳೆಯ ಮೌಂಟಿನಲ್ಲಿ "ಕೂರುತ್ತದೆ" ಎಂಬುದಕ್ಕೂ "ಕೆಲಸ ಮಾಡುತ್ತದೆ" ಎಂಬುದಕ್ಕೂ ಅಜಗಜಾಂತರ. ಎಪಿಎಸ್-ಸಿಗೆಂದು ಮಾಡಿದ ಕ್ಯಾನನ್‌ನ ಇಎಫ್-ಎಸ್ ಲೆನ್ಸ್ ಫುಲ್ ಫ್ರೇಮ್ ಬಾಡಿಗೆ ಕೂರುವುದೇ ಇಲ್ಲ. ಅಂಥದ್ದೇ ಆದ ನಿಕಾನ್‌ನ ಡಿಎಕ್ಸ್ ಲೆನ್ಸ್ ಫುಲ್ ಫ್ರೇಮಿಗೆ ಕೂರುತ್ತದೆ, ಆದರೆ ಕ್ಯಾಮೆರಾ ನಡುವಿನ ಭಾಗವನ್ನಷ್ಟೇ ಬಳಸುತ್ತದೆ, ಡಿ850ರ 45.7 ಮೆಗಾಪಿಕ್ಸೆಲ್ ಸುಮಾರು 19ಕ್ಕೆ ಇಳಿಯುತ್ತದೆ. ಎಎಫ್-ಡಿ ಎಂಬ ಹಳೆಯ ಲೆನ್ಸುಗಳಲ್ಲಿ ಮೋಟಾರ್ ಇರುವುದಿಲ್ಲ, ಬಾಡಿಯಲ್ಲಿರುವ ಮೋಟಾರೇ ಅವುಗಳ ಫೋಕಸ್ ತಿರುಗಿಸಬೇಕು. ನಿಕಾನ್‌ನ 3000, 5000 ಸರಣಿಯ ಬಾಡಿಗಳಲ್ಲಿ ಆ ಮೋಟಾರ್ ಇಲ್ಲ. ಹೆಸರಿನಲ್ಲಿ ಇ ಅಕ್ಷರವಿರುವ ನಿಕಾನ್‌ನ ಹೊಸ ಲೆನ್ಸುಗಳ ಅಪರ್ಚರ್ ವಿದ್ಯುತ್ತಿನಿಂದ ನಡೆಯುವಂಥದ್ದು. ಡಿ200ರಂಥ ಹಳೆಯ ಬಾಡಿಗೆ ಹಾಕಿದರೆ ಅದು ಪೂರ್ತಿ ತೆರೆದೇ ಉಳಿಯುತ್ತದೆ, ಕಿರಿದಾಗುವುದಿಲ್ಲ.

ಮುಂದೊಂದು ದಿನ ಮಿರರ್‌ಲೆಸ್‌ಗೆ (ಕನ್ನಡಿಯಿಲ್ಲದ ಕ್ಯಾಮೆರಾಗೆ) ಹೋಗುವ ಯೋಚನೆಯಿದ್ದರೆ ಇದು ಇನ್ನೂ ಮುಖ್ಯ. ಇಎಫ್ ಲೆನ್ಸುಗಳು ಅಡಾಪ್ಟರ್ ಮೂಲಕ ಕ್ಯಾನನ್‌ನ ಮಿರರ್‌ಲೆಸ್ ಆದ ಆರ್‌ಎಫ್ ಬಾಡಿಗಳಲ್ಲಿ ಆಟೋಫೋಕಸ್ ಸಹಿತ ನಡೆಯುತ್ತವೆ. ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಮೋಟಾರ್ ಇಲ್ಲ. ಒಳಗೇ ಮೋಟಾರಿರುವ ಎಎಫ್-ಎಸ್ ಲೆನ್ಸುಗಳು ಫೋಕಸ್ ಮಾಡುತ್ತವೆ, ಎಎಫ್-ಡಿ ಲೆನ್ಸುಗಳನ್ನು ಕೈಯಲ್ಲೇ ತಿರುಗಿಸಬೇಕು. ಈಗ ಅಗ್ಗಕ್ಕೆ ಸಿಕ್ಕಿತೆಂದು ಎಎಫ್-ಡಿ ಜೂಮ್ ತೆಗೆದುಕೊಳ್ಳುವವರಿಗೆ ಇದು ಗೊತ್ತಿರಲಿ.

ಒಂದು ಲೆನ್ಸಿನ ಮೈಮೇಲೆ ಬರೆದಿರದ ಗುಣವೂ ಉಂಟು. ಜೂಮಿನ ಮೇಲಿನ ಸಂಖ್ಯೆ ನಿಜವಾಗುವುದು ಅನಂತ ದೂರಕ್ಕೆ ಫೋಕಸ್ ಮಾಡಿದಾಗ. ಹತ್ತಿರಕ್ಕೆ ಬಂದಂತೆ ಕೆಲವು ಲೆನ್ಸುಗಳು ಒಳಗೊಳಗೇ ಗಿಡ್ಡವಾಗುತ್ತವೆ. ನಿಕಾನ್‌ನ ಎರಡನೇ ಪೀಳಿಗೆಯ 70-200 ಎಫ್/2.8 ಇದಕ್ಕೆ ಕುಖ್ಯಾತ, 1.4 ಮೀಟರಿನಲ್ಲಿ 200ಕ್ಕೆ ತಿರುಗಿಸಿದರೂ ನೋಟ 135ರ ಆಸುಪಾಸಿನ ಲೆನ್ಸಿನದು. ಮೈದಾನದಲ್ಲಿ ಇದು ಲೆಕ್ಕಕ್ಕಿಲ್ಲ. ಮುಖವನ್ನು ಹತ್ತಿರದಿಂದ ತುಂಬಿಸಿ ತೆಗೆಯುವವರಿಗೆ ತಲೆನೋವು. ಅದರ ನಂತರ ಬಂದ ಇ ಸರಣಿಯ ಲೆನ್ಸಿನಲ್ಲಿ ಈ ದೋಷ ಬಹುಮಟ್ಟಿಗೆ ಕಡಿಮೆಯಾಗಿದೆ.

ಬಾಡಿಯ ವಿಷಯಕ್ಕೆ ಬಂದರೆ, "ಪ್ರೊಫೆಷನಲ್" ಎಂಬ ಪದಕ್ಕೆ ಪೆಟ್ಟಿಗೆಯ ಮೇಲೆ ಅಷ್ಟೇನೂ ಅರ್ಥವಿಲ್ಲ. ನೋಡಬೇಕಾದದ್ದು ನಾಲ್ಕು: ಎರಡು ಕಾರ್ಡ್ ಕಿಂಡಿ, ಗಾಜಿನ ಪೆಂಟಾಪ್ರಿಸಂ ಇರುವ 100% ವ್ಯೂಫೈಂಡರ್, ಶಟರ್‌ಗೂ ಅಪರ್ಚರ್‌ಗೂ ಬೇರೆಬೇರೆ ಡಯಲ್, ಮತ್ತು ಆಟೋಫೋಕಸ್ ಸರಿಹೊಂದಿಸುವ ಮೆನು. ಈ ನಾಲ್ಕರಲ್ಲಿ ಕೊನೆಯದನ್ನು ಕೊಳ್ಳುವಾಗ ಯಾರೂ ಕೇಳುವುದಿಲ್ಲ, ಕೊಂಡ ಮೇಲೆ ಎಲ್ಲರೂ ಹುಡುಕುತ್ತಾರೆ. ಅದರ ಬಗ್ಗೆ ಮುಂದೆ ಹೇಳುವುದಿದೆ.

ಕ್ಯಾನನ್ 1ಡಿ ಎಕ್ಸ್ ಮಾರ್ಕ್ 3, ನಿಕಾನ್ ಡಿ6, ಡಿ780 ಬಂದದ್ದು 2020ರಲ್ಲಿ. ಅಲ್ಲಿಂದೀಚೆಗೆ ಈ ಎರಡೂ ಕಂಪನಿಗಳ ಗಮನವೆಲ್ಲ ಮಿರರ್‌ಲೆಸ್ ಕಡೆಗೆ. ಹಾಗಾಗಿ ಈಗ ವೃತ್ತಿಪರ ಡಿಎಸ್‌ಎಲ್‌ಆರ್ ಕೊಳ್ಳುವುದೆಂದರೆ ಬಹುಪಾಲು ಸೆಕೆಂಡ್ ಹ್ಯಾಂಡ್ ಕೊಳ್ಳುವುದು. ಇದರಲ್ಲಿ ಬೇಸರಪಡುವಂಥದ್ದೇನಿಲ್ಲ. ಹಿಂದೆ ಕೈಗೆಟುಕದಿದ್ದ ಜೋಡಿ ಈಗ ಎಟುಕುತ್ತದೆ. ಆದರೆ ನೋಡಿ ಕೊಳ್ಳುವ ಕಣ್ಣು ಬೇಕು.

ಎಲ್ಲರೂ ಮೊದಲು ಕೇಳುವುದು ಶಟರ್ ಕೌಂಟ್, ಅಂದರೆ ಶಟರ್ ಈವರೆಗೆ ಎಷ್ಟು ಸಲ ಬಿದ್ದಿದೆ ಎಂಬ ಲೆಕ್ಕ. ನಿಕಾನ್‌ನಲ್ಲಿ ಕ್ಯಾಮೆರಾದಿಂದ ಆಗತಾನೇ ತೆಗೆದ, ತಿದ್ದದ ಫೈಲಿನ ಎಕ್ಸಿಫ್‌ನಲ್ಲೇ ಅದು ಸಿಗುತ್ತದೆ. ಕ್ಯಾನನ್ 5ಡಿ ಸರಣಿಯಲ್ಲಿ ಕೇಬಲ್ ಹಾಕಿ ಬೇರೆ ಸಾಫ್ಟ್‌ವೇರ್‌ನಲ್ಲಿ ಓದಬೇಕಾಗುತ್ತದೆ. ತಯಾರಕರು ಹೇಳುವ ಆಯಸ್ಸು 5ಡಿ ಮಾರ್ಕ್ 4ಕ್ಕೆ 1,50,000, ಡಿ850ಕ್ಕೆ 2,00,000, ಡಿ6ಕ್ಕೆ 4,00,000, 1ಡಿ ಎಕ್ಸ್ ಮಾರ್ಕ್ 3ಕ್ಕೆ 5,00,000. ಇದು ಪರೀಕ್ಷೆಯಲ್ಲಿ ದಾಟಿದ ಸಂಖ್ಯೆ. ಗ್ಯಾರಂಟಿಯೂ ಅಲ್ಲ, ಮರಣದ ದಿನಾಂಕವೂ ಅಲ್ಲ. ವಿಡಿಯೋ ಎಷ್ಟು ಗಂಟೆ ಓಡಿದೆ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಅದಕ್ಕಿಂತ ಹೆಚ್ಚು ಕಥೆ ಹೇಳುವುದು ಮೈ. ಹಾಟ್ ಶೂನ ಬಣ್ಣ ಪೂರ್ತಿ ಸವೆದಿದ್ದರೆ ಫ್ಲ್ಯಾಶ್ ಹಾಕಿ ದುಡಿದ ಕ್ಯಾಮೆರಾ. ತಳದ ಸ್ಕ್ರೂಗಳ ತಲೆ ಕೆತ್ತಿಹೋಗಿದ್ದರೆ ಯಾರೋ ಬಿಚ್ಚಿದ್ದಾರೆ. ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡಿನ ಕಿಂಡಿಯಿದ್ದರೆ ಒಳಗೆ ಟಾರ್ಚ್ ಬಿಟ್ಟು ನೋಡಿ. ಸಾಲಿನಲ್ಲಿ ಒಂದು ಪಿನ್ ಬಾಗಿದ್ದರೂ ಆ ಕಿಂಡಿ ಕೆಟ್ಟಂತೆಯೇ. ನಿಕಾನ್ ಡಿ750ರ ಕೆಲವು ಸೀರಿಯಲ್ ನಂಬರುಗಳಿಗೆ ಕಂಪನಿಯೇ ಉಚಿತ ದುರಸ್ತಿ ಘೋಷಿಸಿತ್ತು. ಟ್ರೈಪಾಡ್ ಸ್ಕ್ರೂ ಕೂರುವ ತೂತಿನೊಳಗೆ ಕಪ್ಪು ಚುಕ್ಕೆ ಇದ್ದರೆ ಅದು ದುರಸ್ತಿಯಾದ ಗುರುತು. ಯಾವುದೇ ಮಾದರಿ ಕೊಳ್ಳುವ ಮುನ್ನ ಅದರ ಸರ್ವಿಸ್ ಅಡ್ವೈಸರಿ ಏನಾದರೂ ಇದೆಯೇ ಎಂದು ನಂಬರ್ ಹಾಕಿ ಹುಡುಕಿ.

ಸೆನ್ಸರ್ ನೋಡುವುದು ಹೀಗೆ. ಐಎಸ್‌ಒ 100, ಎಫ್/16, ಫೋಕಸ್ ಮ್ಯಾನುವಲ್‌ನಲ್ಲಿಟ್ಟು ಬೇಕೆಂದೇ ತಪ್ಪಿಸಿ, ಬಿಳಿ ಗೋಡೆಯದೋ ಮೋಡವಿಲ್ಲದ ಆಕಾಶದ್ದೋ ಒಂದು ಚಿತ್ರ. ಕ್ಯಾಮೆರಾ ಅಲುಗಿದರೂ ಚಿಂತೆಯಿಲ್ಲ. ಪೂರ್ತಿ ಹಿಗ್ಗಿಸಿ ನೋಡಿದರೆ ಧೂಳೆಲ್ಲ ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಚಿತ್ರದ ಮೇಲ್ಭಾಗದಲ್ಲಿ ಕಂಡ ಧೂಳು, ಮೌಂಟಿನ ಕಡೆಯಿಂದ ಇಣುಕಿದಾಗ, ಸೆನ್ಸರಿನ ಕೆಳಭಾಗದಲ್ಲಿರುತ್ತದೆ; ಎಡ ಬಲ ಬದಲಾಗುವುದಿಲ್ಲ. ಧೂಳು ದೋಷವಲ್ಲ, ಒರೆಸಿದರೆ ಹೋಗುತ್ತದೆ. ಒರೆಸಿದರೂ ಅದೇ ಜಾಗದಲ್ಲಿ ಉಳಿದರೆ ಅದು ಗೀರು. ವ್ಯೂಫೈಂಡರಿನಲ್ಲಿ ಕಂಡು ಚಿತ್ರದಲ್ಲಿ ಕಾಣದ ಕಸ ಫೋಕಸಿಂಗ್ ಸ್ಕ್ರೀನಿನ ಮೇಲಿನದು, ಅದಕ್ಕೆ ಬೆಲೆ ಇಳಿಸಿ ಎಂದು ಜಗಳ ಮಾಡಬೇಕಿಲ್ಲ. ಇನ್ನೊಂದು ಚಿತ್ರ ಲೆನ್ಸ್ ಕ್ಯಾಪ್ ಹಾಕಿ, ನಾಯ್ಸ್ ರಿಡಕ್ಷನ್ ಆಫ್ ಮಾಡಿ, 30 ಸೆಕೆಂಡ್: ಕೆಂಪು, ನೀಲಿ ಕಿಡಿಗಳಂತೆ ಕಾಣುವವು ಹಾಟ್ ಪಿಕ್ಸೆಲ್. ನಾಲ್ಕಾರಿದ್ದರೆ ಸಹಜ, ಹೆಚ್ಚಿನ ಬಾಡಿಗಳಲ್ಲಿ ಇದ್ದೇ ಇರುತ್ತವೆ.

ಜೂಮ್ ಲೆನ್ಸನ್ನು ಪರೀಕ್ಷಿಸಲು ಇನ್ನೂ ಹೆಚ್ಚು ಹೊತ್ತು ಕೊಡಿ. ಎರಡೂ ಕ್ಯಾಪ್ ತೆಗೆದು, ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ನೇರವಾಗಿ ಬಿಟ್ಟರೆ ಕಣ್ಣು ಕುಕ್ಕುತ್ತದೆ, ಏನೂ ಕಾಣುವುದಿಲ್ಲ. ಬಿಡಿಬಿಡಿ ಚುಕ್ಕೆಗಳಾದರೆ ಧೂಳು. ಜೂಮ್ ಎಂದ ಮೇಲೆ ಅದು ಇದ್ದದ್ದೇ, ಉದ್ದವಾಗುತ್ತ ಗಿಡ್ಡವಾಗುತ್ತ ಗಾಳಿ ಎಳೆದುಕೊಳ್ಳುವ ಲೆನ್ಸಿನಲ್ಲಿ ಇನ್ನೂ ಹೆಚ್ಚು. ಚಿತ್ರಕ್ಕೆ ಅದರಿಂದ ತೊಂದರೆಯಿಲ್ಲ. ಅಂಚಿನಿಂದ ಒಳಮುಖವಾಗಿ ಜೇಡರ ಬಲೆಯಂತೆ ಕವಲೊಡೆದ ಎಳೆಗಳು ಕಂಡರೆ ಅದು ಫಂಗಸ್, ವಾಪಸ್ ಕೊಟ್ಟುಬಿಡಿ. ಶುಚಿ ಮಾಡಿಸಿದರೂ ಅದು ತಿಂದ ಕೋಟಿಂಗ್ ಮರಳಿ ಬರುವುದಿಲ್ಲ. ಹಾಲು ನೀರಿಗೆ ಬಿದ್ದಂಥ ಒಂದೇ ಸಮದ ಮಸುಕು ಇದ್ದರೆ ಅದು ಹೇಜ್. ಬೆಳಕಿಗೆ ಎದುರಾಗಿ ತೆಗೆದ ಚಿತ್ರಗಳೆಲ್ಲ ಅದರಿಂದ ಬೆಳ್ಳಗೆ ಪೇಲವವಾಗುತ್ತವೆ. ಜೂಮ್ ರಿಂಗ್ ತಿರುಗಿಸುವಾಗ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲವಾದರೆ ಎಲ್ಲೋ ಬಿದ್ದ ಲೆನ್ಸ್ ಇರಬೇಕೆಂಬ ಗುಮಾನಿ ಇಟ್ಟುಕೊಳ್ಳಿ. ಫಿಲ್ಟರ್ ತಿರುಗಿಸಿ ಕೂರಿಸುವ ಮುಂದಿನ ಅಂಚಿನಲ್ಲಿ ತಗ್ಗಿದ್ದರಂತೂ ಗುಮಾನಿಯೂ ಬೇಕಿಲ್ಲ.

ಬಿದ್ದ ಲೆನ್ಸ್ ಹೊರಗಿನಿಂದ ನೆಟ್ಟಗೇ ಕಾಣಬಹುದು, ಒಳಗಿನ ಒಂದು ಗಾಜು ಕೂದಲೆಳೆಯಷ್ಟು ಸರಿದಿದ್ದರೆ ಸಾಕು. ಇದನ್ನು ಹಿಡಿಯಲು ನೂರು ಮೀಟರಿಗಿಂತ ದೂರದ, ಸಣ್ಣ ವಿವರಗಳಿರುವ ಒಂದು ವಸ್ತು ಹುಡುಕಿ. ಕಟ್ಟಡದ ಕಿಟಕಿ ಸರಳು, ಫಲಕದ ಅಕ್ಷರ, ಏನಾದರೂ ಆದೀತು. ಕ್ಯಾಮೆರಾ ಟ್ರೈಪಾಡ್ ಮೇಲಿರಲಿ, ಸ್ಟೆಬಿಲೈಸೇಶನ್ ಆಫ್ ಇರಲಿ. ಲೈವ್ ವ್ಯೂನಲ್ಲಿ (ಹಿಂದಿನ ಪರದೆಯಲ್ಲಿ ನೋಡುತ್ತ) ನಡುವಿಗೆ ಫೋಕಸ್ ಮಾಡಿ, ಫೋಕಸನ್ನು ಮ್ಯಾನುವಲ್‌ಗೆ ಹಾಕಿ ಬೀಗ ಹಾಕಿದಂತೆ ಬಿಟ್ಟುಬಿಡಿ. ಈಗ ಅದೇ ವಸ್ತು ಒಂದೊಂದು ಸಲ ಒಂದೊಂದು ಮೂಲೆಗೆ ಬರುವಂತೆ ಕ್ಯಾಮೆರಾ ತಿರುಗಿಸುತ್ತ ನಾಲ್ಕು ಚಿತ್ರ ತೆಗೆಯಿರಿ, ಎಫ್/2.8ರಲ್ಲೇ. ನಾಲ್ಕೂ ಮೂಲೆ ಸಮನಾಗಿ ಮೆತ್ತಗಿದ್ದರೆ ಅದು ಆ ಲೆನ್ಸಿನ ಸ್ವಭಾವ. ಎಡಗಡೆ ಎರಡೂ ಚೂಪಾಗಿದ್ದು ಬಲಗಡೆ ಎರಡೂ ಕಲೆಸಿದ್ದರೆ ಗಾಜು ಸರಿದಿದೆ. 70ರಲ್ಲೂ 135ರಲ್ಲೂ 200ರಲ್ಲೂ ಮಾಡಿ ನೋಡಿ. ಜೂಮಿನಲ್ಲಿ ಗಾಜಿನ ಗುಂಪುಗಳು ಚಲಿಸುವುದರಿಂದ ಒಂದು ತುದಿಯಲ್ಲಿ ಸರಿಯಿದ್ದು ಇನ್ನೊಂದರಲ್ಲಿ ಕೆಟ್ಟಿರುವುದುಂಟು.

ಈಗ ಆ ಆಟೋಫೋಕಸ್ ಮೆನುವಿನ ಮಾತು. ಡಿಎಸ್‌ಎಲ್‌ಆರ್‌ನ ಮುಖ್ಯ ಕನ್ನಡಿ ಪೂರ್ತಿ ಕನ್ನಡಿಯಲ್ಲ. ಅದರ ನಡುಭಾಗ ಸ್ವಲ್ಪ ಬೆಳಕನ್ನು ತನ್ನ ಮೂಲಕ ಹಿಂದಕ್ಕೆ ಬಿಡುತ್ತದೆ. ಹಿಂದಿರುವ ಇನ್ನೊಂದು ಪುಟ್ಟ ಕನ್ನಡಿ ಅದನ್ನು ಕ್ಯಾಮೆರಾದ ತಳದಲ್ಲಿರುವ ಫೋಕಸ್ ಸೆನ್ಸರಿಗೆ ತಳ್ಳುತ್ತದೆ. ಅಂದರೆ ಫೋಕಸ್ ಅಳೆಯುವುದು ಒಂದು ದಾರಿಯಲ್ಲಿ, ಚಿತ್ರ ಬೀಳುವುದು ಇನ್ನೊಂದು ದಾರಿಯಲ್ಲಿ. ಎರಡು ದಾರಿಯ ಉದ್ದದಲ್ಲಿ ಕೂದಲೆಳೆಯ ವ್ಯತ್ಯಾಸವಿದ್ದರೂ ಕ್ಯಾಮೆರಾ "ಕಣ್ಣಿಗೆ ಫೋಕಸ್ ಆಯಿತು" ಎಂದು ಬೀಪ್ ಮಾಡುತ್ತದೆ, ಚಿತ್ರದಲ್ಲಿ ಕಿವಿ ಚೂಪಾಗಿರುತ್ತದೆ. ಬಾಡಿಯೂ ಸರಿ, ಲೆನ್ಸೂ ಸರಿ, ಜೋಡಿ ಮಾತ್ರ ತಪ್ಪು. ಇದನ್ನು ಗುರುತಿಸುವುದು ಸುಲಭ. ಅದೇ ಚಿತ್ರವನ್ನು ಲೈವ್ ವ್ಯೂನಲ್ಲಿ ತೆಗೆಯಿರಿ. ಅಲ್ಲಿ ಕನ್ನಡಿ ಮೇಲೆದ್ದು ಚಿತ್ರದ ಸೆನ್ಸರೇ ಫೋಕಸ್ ಮಾಡುತ್ತದೆ. ಲೈವ್ ವ್ಯೂ ಚಿತ್ರ ಚೂಪಾಗಿದ್ದು ವ್ಯೂಫೈಂಡರಿನಲ್ಲಿ ತೆಗೆದದ್ದು ಮಂಕಾಗಿದ್ದರೆ ಲೆನ್ಸನ್ನು ದೂರಬೇಡಿ.

ಸರಿಪಡಿಸಲು ಫೋಕಲ್ ಲೆಂಗ್ತಿನ 25ರಿಂದ 50 ಪಟ್ಟು ದೂರದಲ್ಲಿ, ಅಂದರೆ 200 ಮಿ.ಮೀ.ಗೆ 5ರಿಂದ 10 ಮೀಟರಿನಲ್ಲಿ, ಕಪ್ಪು ಬಿಳುಪು ಗೆರೆಗಳ ಒಂದು ಹಾಳೆ ನೆಟ್ಟಗೆ ನಿಲ್ಲಿಸಿ, ಪಕ್ಕದಲ್ಲಿ ಒಂದು ಸ್ಕೇಲನ್ನು ಓರೆಯಾಗಿಡಿ. ಎಫ್/2.8, ನಡುವಿನ ಒಂದೇ ಫೋಕಸ್ ಬಿಂದು. ಪ್ರತಿ ಸಲವೂ ಫೋಕಸನ್ನು ಕೈಯಿಂದ ಕೆಡಿಸಿ ಮತ್ತೆ ಮಾಡಿಸಿ, ಐದಾರು ಚಿತ್ರ. ಒಂದೇ ಚಿತ್ರ ನಂಬಿ ಸಂಖ್ಯೆ ಬದಲಿಸುವುದೇ ಎಲ್ಲರೂ ಮಾಡುವ ತಪ್ಪು. ಆಟೋಫೋಕಸ್ ತಾನಾಗಿಯೇ ಸಲದಿಂದ ಸಲಕ್ಕೆ ಅಷ್ಟಿಷ್ಟು ಹೊಯ್ದಾಡುತ್ತದೆ. ಐದರಲ್ಲಿ ನಾಲ್ಕು ಒಂದೇ ಕಡೆ ವಾಲಿದ್ದರೆ ಮಾತ್ರ ಮೆನುವಿಗೆ ಹೋಗಿ. ಅಲ್ಲಿ −20ರಿಂದ +20ರವರೆಗೆ ಅಳತೆಯಿದೆ. ಫೋಕಸ್ ಮುಂದೆ ಬೀಳುತ್ತಿದ್ದರೆ ಪ್ಲಸ್, ಹಿಂದೆ ಬೀಳುತ್ತಿದ್ದರೆ ಮೈನಸ್. ಐದೈದು ಹೆಜ್ಜೆಯಲ್ಲಿ ಹೋಗಿ, ಹತ್ತಿರ ಬಂದ ಮೇಲೆ ಒಂದೊಂದು. 5ಡಿ ಮಾರ್ಕ್ 4ರಲ್ಲಿ ಜೂಮಿನ ಎರಡು ತುದಿಗೂ ಬೇರೆಬೇರೆ ಸಂಖ್ಯೆ ಕೊಡಬಹುದು. ಡಿ850ರಲ್ಲಿ ಒಂದೇ ಸಂಖ್ಯೆ. ಟೆಲಿ ತುದಿಗೆ ಹೊಂದಿಸಿ, ಅಲ್ಲಿಯೇ ಡೆಪ್ತ್ (ಚೂಪಾಗಿ ಕಾಣುವ ಆಳ) ಕಡಿಮೆ. ಸಂಖ್ಯೆ 20ಕ್ಕೆ ಮುಟ್ಟಿದರೂ ಸರಿಯಾಗದಿದ್ದರೆ ಅದು ಸರ್ವಿಸ್ ಸೆಂಟರಿನ ಕೆಲಸ.

ಇಷ್ಟೂ ಪರೀಕ್ಷೆ ವಾಪಸಾತಿಯ ಅವಧಿಯೊಳಗೇ ಮುಗಿಯಬೇಕು. ಬಾಡಿ ಒಬ್ಬರಿಂದ, ಲೆನ್ಸ್ ಇನ್ನೊಬ್ಬರಿಂದ ಕೊಂಡಿದ್ದರೆ ಎರಡೂ ಕೈಗೆ ಬಂದ ದಿನವೇ ಶುರುಮಾಡಿ, ಇಲ್ಲದಿದ್ದರೆ ಇಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ.

ಕಾರ್ಡಿಗೂ ದುಡ್ಡು ಎತ್ತಿಡಿ. ಡಿ850ರ 14 ಬಿಟ್ ರಾ ಫೈಲ್ (ಗುಣ ಕೆಡದಂತೆ ಕುಗ್ಗಿಸಿದ ಮೂಲ ಫೈಲ್) ಒಂದೊಂದೂ ಸುಮಾರು 50 ಎಂಬಿ, ಸಾವಿರ ಚಿತ್ರಕ್ಕೆ 50 ಜಿಬಿ. ಎರಡು ಕಿಂಡಿಗೂ ಒಂದೇ ಚಿತ್ರ ಬರೆಯಲು ಬಿಟ್ಟರೆ ಇಡೀ ವೇಗ ನಿಧಾನದ ಕಾರ್ಡಿನದು. 5ಡಿ ಮಾರ್ಕ್ 4ರ ಎಸ್‌ಡಿ ಕಿಂಡಿ ಯುಎಚ್‌ಎಸ್-1 ವೇಗದ್ದು ಮಾತ್ರವಾದ್ದರಿಂದ ಅಲ್ಲಿ ಅದಕ್ಕಿಂತ ವೇಗದ ಯುಎಚ್‌ಎಸ್-2 ಕಾರ್ಡ್ ಹಾಕಿ ಲಾಭವಿಲ್ಲ.

ಹೊತ್ತೊಯ್ಯುವಾಗ ಭಾರದ ಜೂಮನ್ನು ಬಾಡಿಯ ಪಟ್ಟಿಯಿಂದ ನೇತುಹಾಕಬೇಡಿ. ಒಂದೂವರೆ ಕಿಲೋ ಲೆನ್ಸ್ ಮೌಂಟನ್ನು ದಿನವಿಡೀ ಕೆಳಕ್ಕೆ ಜಗ್ಗುತ್ತಿರುತ್ತದೆ. ಲೆನ್ಸಿಗೇ ಇರುವ ಟ್ರೈಪಾಡ್ ಕಾಲರಿನಿಂದ ಹಿಡಿಯಿರಿ, ಅದಕ್ಕೇ ಪಟ್ಟಿ ಕಟ್ಟಿ. ಮನೆಯಲ್ಲಿಡುವುದು 40ರಿಂದ 50% ತೇವವಿರುವ ಡ್ರೈ ಕ್ಯಾಬಿನೆಟ್‌ನಲ್ಲಿ, ಇಲ್ಲವೇ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿ. ಚರ್ಮದ ಚೀಲದಲ್ಲಿ ಮಾತ್ರ ಬೇಡ, ಚರ್ಮ ತೇವ ಹಿಡಿದಿಟ್ಟುಕೊಂಡು ಫಂಗಸ್ಸಿಗೆ ಹಾಸಿಗೆ ಹಾಸಿಕೊಡುತ್ತದೆ. ಎಸಿ ಕೋಣೆಯಿಂದ ಸೆಕೆಯ ಹೊರಗಾಳಿಗೆ ಹೋಗುವಾಗ ಚೀಲದ ಜಿಪ್ ಮುಚ್ಚಿಯೇ ಅರ್ಧ ಗಂಟೆ ಬಿಡಿ. ಮುಂದಿನ ಗಾಜಿನ ಮೇಲೆ ಕೂತ ಮಂಜು ಕಣ್ಣಿಗೆ ಕಾಣುತ್ತದೆ, ಕಾದರೆ ಆರುತ್ತದೆ. ಅದೇ ಹೊತ್ತಿಗೆ ಲೆನ್ಸ್ ಬಿಚ್ಚಿದರೆ ಮಂಜು ಕನ್ನಡಿಯ ಮೇಲೂ ಲೆನ್ಸಿನ ಹಿಂಬದಿಯ ಗಾಜಿನ ಮೇಲೂ ಕೂರುತ್ತದೆ, ಅಲ್ಲಿ ಅದು ಆರಲು ತುಂಬ ಹೊತ್ತು ಹಿಡಿಯುತ್ತದೆ.